ದೇಹೂ ರೋಡಿನ ಶೆಡ್ಡು

ಶಿವಪುತ್ರಪ್ಪನವರು ದೊಡ್ಡ ಮಾತುಗಳನ್ನೆಲ್ಲ ಊಟಕ್ಕೆ ಕೂತಾಗಲೇ ಆಡುತ್ತಿದ್ದರು. ಬಾಯಲ್ಲಿ ತುತ್ತಿದ್ದವರು ಎದುರು ಮಾತಾಡಲಾರರು ಎಂಬುದು ಅವರ ಎಣಿಕೆ. ದೀಪಾವಳಿ ಮುಗಿದ ಮೊದಲ ಭಾನುವಾರ, ಎಣಗಾಯಿ ಪಲ್ಯಕ್ಕೆ ಎರಡನೆಯ ರೊಟ್ಟಿ ಮುರಿಯುತ್ತ, ದೇಹೂ ರೋಡಿನ ಶೆಡ್ಡನ್ನು ನೀತಾಳ ನಾಯಿಗಳಿಗೆ ಬಿಟ್ಟುಕೊಡುತ್ತೇನೆ ಎಂದುಬಿಟ್ಟರು.

ಸೊಸೆ ಸುಮಂಗಲಾ ಅಡುಗೆಮನೆಯಲ್ಲಿ ಹಂಚಿನ ಮುಂದಿದ್ದಳು. ಸೀದ ವಾಸನೆ ಹೊರಗೆ ಬಂದಾಗಲೇ ಆ ಮಾತು ಆಕೆಗೂ ಕೇಳಿಸಿತೆಂದು ಉಳಿದವರಿಗೆ ಗೊತ್ತಾದದ್ದು. ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆಯ ಕೈಯಲ್ಲಿ ರೊಟ್ಟಿ ಸೀದದ್ದು ಅದೇ ಮೊದಲು. ಅತ್ತೆ ರುದ್ರವ್ವ ಒಮ್ಮೆ ಅಡುಗೆಮನೆಯ ಕಡೆ ನೋಡಿ, ಮತ್ತೆ ತನ್ನ ತಾಟಿನ ಕಡೆ ನೋಡಿದಳು.

ಮನೆ ಪುಣೆಯ ಹಡಪಸರದಲ್ಲಿ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಎರಡು ಮಜಲು. ಶಿವಪುತ್ರಪ್ಪನವರು ನಲವತ್ತು ವರ್ಷದ ಹಿಂದೆ ಮುಧೋಳದಿಂದ ಬಂದು ಇನ್ನೊಬ್ಬರ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿ, ಆಮೇಲೆ ತಮ್ಮದೇ ಅಂಗಡಿ ಹಾಕಿದವರು. ಈಗ ಗಲ್ಲೆಯ ಮೇಲೆ ಕೂರುವವನು ಮಗ ಚನ್ನವೀರ, ಸುಮಂಗಲಾಳ ಗಂಡ. ಮಗಳು ನೀತಾ ಮೂವತ್ತಮೂರರವಳು. ಕಟ್ಟಡಗಳ ನಕ್ಷೆ ಮಾಡುವ ಆಫೀಸಿನಲ್ಲಿ ಕೆಲಸ, ಮದುವೆ ಬೇಡವೆಂದು ಕೂತಿದ್ದಳು. ನಾಲ್ಕು ವರ್ಷದ ಹಿಂದೆ ಅಂಗಡಿಯ ಎದುರು ಟೆಂಪೋಕ್ಕೆ ಸಿಕ್ಕ ಒಂದು ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಊರೆಲ್ಲ ಸುತ್ತಿದ್ದಳು, ಇಟ್ಟುಕೊಳ್ಳುವವರು ಸಿಗದೆ ಅದು ಅವಳ ಮಡಿಲಲ್ಲೇ ಸತ್ತಿತ್ತು. ಅಂದಿನಿಂದ ಅವಳಿಗೆ ಅದೊಂದೇ ಧ್ಯಾನ. ಸರಪಳಿ ಇಲ್ಲದ, ಗಬ್ಬು ನಾರದ, ಒಂದರ ರೋಗ ಇನ್ನೊಂದಕ್ಕೆ ಹತ್ತದ ಒಂದು ಆಶ್ರಯ ಕಟ್ಟಬೇಕು.

ಒಳ್ಳೆಯ ಕೆಲಸವೇ. ಆದರೆ ಆ ಶೆಡ್ಡನ್ನು ಮೊದಲು ಕೇಳಿದವಳು ಸುಮಂಗಲಾ.

ಆಕೆಯ ಅಪ್ಪ ಜಮಖಂಡಿಯಲ್ಲಿ ಖಾನಾವಳಿ ನಡೆಸುತ್ತಿದ್ದ. ದಿನಕ್ಕೆ ಮುನ್ನೂರು ತಾಟು ಏಳುತ್ತಿದ್ದ ಜಾಗದಲ್ಲಿ ಬೆಳೆದ ಹುಡುಗಿ. ಒಂಬತ್ತು ವರ್ಷದ ಹಿಂದೆ, ಟೈಲ್ಸ್ ಇಡಲು ಕಟ್ಟಿದ ಆ ಶೆಡ್ಡು ಖಾಲಿ ಬಿದ್ದಾಗ, ಅಲ್ಲಿ ನಾಲ್ಕು ಹೆಂಗಸರನ್ನು ಕೂರಿಸಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ ಎಂದು ಮಾವನ ಮುಂದೆ ನಿಂತು ಕೇಳಿದ್ದಳು. ಪುಣೆಯಲ್ಲಿ ನಮ್ಮ ಕಡೆಯ ರೊಟ್ಟಿ ತಿನ್ನುವ ಮಂದಿಗೇನು ಬರವೇ. ಮಾವ ನಕ್ಕು ಬೇಡವೆಂದಿದ್ದರು. ಆಕೆ ಮರುಮಾತಾಡಲಿಲ್ಲ. ಮರೆಯಲೂ ಇಲ್ಲ.

ಮರುದಿನ ಮಧ್ಯಾಹ್ನ ಡಬ್ಬಿ ಕೊಡುವ ನೆವದಲ್ಲಿ ಅಂಗಡಿಗೆ ಇಳಿದು ಗಂಡನ ಮುಂದೆ ನಿಂತಳು.

"ಒಂಬತ್ತು ವರ್ಷದ ಹಿಂದ ನಿಮ್ಮಪ್ಪ ನನಗ ಏನಂದ್ರು, ನೆನಪದ ಏನ್ರಿ?"

ಚನ್ನವೀರ ಬಿಲ್ ಪುಸ್ತಕದಿಂದ ತಲೆ ಎತ್ತಲಿಲ್ಲ. "ಹಳೇದು ಯಾಕ ತಗೀತಿ?"

"ಮನಿ ಸೊಸಿ ರೊಟ್ಟಿ ಬಡದು ಮಾರಿದ್ರ ನಾಲ್ಕು ಮಂದಿ ಏನಂತಾರ ಅಂದ್ರು. ಈಗ ಮನಿ ಮಗಳು ನಾಯಿ ಉಚ್ಚಿ ಬಳದ್ರ ಆ ನಾಲ್ಕು ಮಂದಿ ಎಲ್ಲಿ ಹೋದ್ರು?"

ಚನ್ನವೀರ ಬಿಲ್ ಪುಸ್ತಕ ಮುಚ್ಚಿದ. ಇದನ್ನು ಅಪ್ಪನ ಮುಂದೆ ಹೋಗಿ ಹೇಳುವ ಗಂಡಸಲ್ಲ ಅವನು. ಡಬ್ಬಿ ಬಿಚ್ಚಿ ಉಂಡ. ಉಪ್ಪು ಜಾಸ್ತಿಯಾಗಿತ್ತು, ಅದನ್ನೂ ಹೇಳಲಿಲ್ಲ.

ಎರಡು ವಾರದಲ್ಲಿ ನೀತಾ ನಕ್ಷೆ ಮುಗಿಸಿದಳು. ಒಂದು ಸಂಜೆ ಊಟದ ಮೇಜಿನ ಮೇಲೆ ಮೇಜಿಗಿಂತ ದೊಡ್ಡ ಕಾಗದ ಹರಡಿ, ನಾಲ್ಕು ಮೂಲೆಗೆ ನಾಲ್ಕು ಉಪ್ಪಿನಕಾಯಿ ಭರಣಿ ಇಟ್ಟಳು. ಶಿವಪುತ್ರಪ್ಪನವರು ಚಾಳೀಸು ಹಾಕಿಕೊಂಡು ಬಗ್ಗಿದರು. ಐವತ್ತು ನಾಯಿಗೆ ಜಾಗ. ಎದುರುಬದುರು ನೋಡಿದರೆ ಬೊಗಳಿ ಬೊಗಳಿ ಸಾಯುತ್ತವೆಂದು ಗೂಡುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿದ್ದಳು. ಪ್ರತಿ ಗೂಡಿನ ಹಿಂದೆ ಬಿಸಿಲಿಗೆ ಬರಲು ಸಣ್ಣ ಅಂಗಳ. ತೊಳೆದ ನೀರು ಪಕ್ಕದ ಗೂಡಿಗೆ ಹೋಗದಂತೆ ಹೊರಗಡೆ ಚರಂಡಿ. ಹೊಸದಾಗಿ ಬಂದ ನಾಯಿಯನ್ನು ಹದಿನೈದು ದಿನ ಬೇರೆ ಇಡಲು ಬೇರೆಯದೇ ಬಾಗಿಲಿನ ಖೋಲಿ. ಸಾಕಿಕೊಳ್ಳಲು ಬಂದವರು ಕೂತು ಒಗ್ಗಿಕೊಳ್ಳಲು ಮರದ ಬೆಂಚು ಹಾಕಿದ ಕೋಣೆ. ಹೇಳುತ್ತ ಹೇಳುತ್ತ ಅವಳ ಮುಖ ಕೆಂಪೇರಿತ್ತು.

ಚನ್ನವೀರ ಉದಾರನಾಗಿ, ನೆಲಕ್ಕೆಲ್ಲ ತನ್ನ ಅಂಗಡಿಯ ಅತ್ಯುತ್ತಮ ಹೊಳಪಿನ ಟೈಲ್ಸ್ ಪುಕ್ಕಟೆ ಕೊಡುತ್ತೇನೆಂದ. ಅದರ ಮೇಲೆ ನಾಯಿ ಕಾಲು ಜಾರಿ ಸೊಂಟ ಮುರಿದುಕೊಳ್ಳುತ್ತದೆ, ಒರಟು ನೆಲವೇ ಬೇಕು ಎಂದು ನೀತಾ ನಕ್ಕಳು. ಮಂತ್ರಿಗಳ ಮನೆಗೆ ಹಾಕಿದ ಟೈಲ್ಸು ನಾಯಿಗೆ ಬೇಡವಾಯಿತೇ ಎಂದು ಅವನು ವಾರವಿಡೀ ಗೊಣಗಿದ. ಅಪ್ಪ ಮಾತ್ರ ಮಗಳ ಬುದ್ಧಿಗೆ ತಲೆದೂಗಿದರು. ಸುಮಂಗಲಾ ತಾಟು ತೆಗೆಯಲು ಬಂದವಳು ಆ ತಲೆದೂಗುವುದನ್ನು ನೋಡಿದಳು. ಈ ಮನೆಯಲ್ಲಿ ಸಾವಿರಾರು ಸಲ ಬಡಿಸಿದ್ದಾಳೆ, ಒಂದು ಸಲವೂ ಆ ತಲೆ ಆಕೆಗಾಗಿ ಹಾಗೆ ಆಡಿರಲಿಲ್ಲ.

ಕಾಗದದ ಒಂದು ಮೂಲೆಯಲ್ಲಿ ಅಡುಗೆಮನೆ ಇತ್ತು. ಅದರ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಲಿಂಗ ಕಟ್ಟಿದ ಮನೆ, ಮೊಟ್ಟೆಯ ಹೆಸರನ್ನೂ ಹೇಳದ ಮಂದಿ. ಆ ಅಡುಗೆಮನೆಯಲ್ಲಿ ಬೇಯುವುದು ನುಚ್ಚಕ್ಕಿಯ ಜೊತೆ ಕೋಳಿ. ಹಾಲು ರೊಟ್ಟಿ ಹಾಕಿದರೆ ಸಾಲದೇ ಎಂದು ಶಿವಪುತ್ರಪ್ಪನವರು ಮೊದಲು ವಾದಿಸಿದ್ದರು. ಸಾಲದು ಎಂದು ಪಶುವೈದ್ಯರು ಹೇಳಿದ ಮೇಲೆ, ಬೇಯಿಸಿರಿ, ಆದರೆ ನನ್ನ ಮುಂದೆ ಆ ಸುದ್ದಿ ಬೇಡ ಎಂದಿದ್ದರು. ಹೀಗಾಗಿ ನಕ್ಷೆಯಲ್ಲಿ ಎಲ್ಲರ ಬೆರಳೂ ಎಲ್ಲ ಕಡೆ ಓಡಾಡಿ, ಆ ಮೂಲೆಗೆ ಬಂದಾಗ ದಾಟಿ ಹೋಗುತ್ತಿತ್ತು. ರುದ್ರವ್ವನನ್ನಂತೂ ಕಾಗದದ ಹತ್ತಿರ ಕರೆಯಲೇ ಇಲ್ಲ.

ಸುಮಂಗಲಾಳ ಬೆರಳು ಮಾತ್ರ ಅಲ್ಲೇ ನಿಂತಿತು. ಕಪ್ಪು ಗ್ರಾನೈಟಿನ ಕಟ್ಟೆ, ಎತ್ತರ ಮೂರಡಿಗೆ ಎರಡೇ ಅಂಗುಲ ಕಡಿಮೆ ಎಂದು ಬರೆದಿತ್ತು. ಅದರ ಮೇಲೆ ಎರಡು ದೊಡ್ಡ ಒಲೆ. ಮನೆಯ ಅಡುಗೆಗೆ ಸರಿ. ಆದರೆ ಐವತ್ತು ನಾಯಿಯ ಅನ್ನ ಬೇಯುವ ಡಬರಿ ಎಷ್ಟು ದೊಡ್ಡದೆಂದು ಆಕೆಗೆ ಗೊತ್ತು. ಅಪ್ಪನ ಖಾನಾವಳಿಯಲ್ಲಿ ದೊಡ್ಡ ಒಲೆಗಳೆಲ್ಲ ಮೊಣಕಾಲಿನ ಕೆಳಗೇ ಇದ್ದವು. ಕುದಿಯುವ ಡಬರಿಯನ್ನು ಯಾರೂ ಎತ್ತುತ್ತಿರಲಿಲ್ಲ, ಇದ್ದಲ್ಲಿಯೇ ವಾಲಿಸಿ ನೆಲದ ಮೋರಿಗೆ ಗಂಜಿ ಬಸಿಯುತ್ತಿದ್ದರು. ಇಲ್ಲಿ ನಿಂತವಳಿಗೆ ಡಬರಿಯ ಅಂಚು ಗದ್ದಕ್ಕೆ ಬರುತ್ತದೆ. ಕೆಳಗಿಳಿಸುವಾಗ ಮೈಮೇಲೆ ಬರುತ್ತದೆ.

ಆಕೆ ತಲೆ ಎತ್ತಿದಳು. ನೀತಾ ಆಕೆಯನ್ನೇ ನೋಡುತ್ತಿದ್ದಳು. ಏನಾಯಿತು ವೈನಿ ಎಂದು ಅತ್ತಿಗೆಯನ್ನು ಕೇಳಿದ್ದರೆ ಸುಮಂಗಲಾ ಹೇಳುತ್ತಿದ್ದಳೋ ಏನೋ. ನೀತಾ ಕೇಳಲಿಲ್ಲ. ಭರಣಿಗಳನ್ನು ತೆಗೆದು ಕಾಗದ ಸುತ್ತಿಬಿಟ್ಟಳು. ಹಿತ್ತಲ ಗಿಡ ಮದ್ದಲ್ಲ, ನಡೆಯಲಿ ಇವರದು ಎಂದುಕೊಂಡು ಸುಮಂಗಲಾ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತು ಭಾಂಡಿ ತಿಕ್ಕುವಾಗ ಆಕೆಗೆ ಒಂದು ಬಗೆಯ ಸುಖವಾಗಿತ್ತು, ಅದನ್ನು ಮುಚ್ಚಿಡುವುದು ಯಾಕೆ.

ರೊಕ್ಕ ಕೂಡಿಸುವ ಕೆಲಸ ಶಿವಪುತ್ರಪ್ಪನವರು ಹೊತ್ತರು. ನಮ್ಮ ಮಂದಿ ಮಠಕ್ಕೆ ಫ್ಯಾನು ಕೊಟ್ಟರೆ ಫ್ಯಾನಿನ ಮೂರೂ ರೆಕ್ಕೆಯ ಮೇಲೆ ಹೆಸರು ಬರೆಸುವವರು. ಒಂದು ಗೂಡಿಗೆ ಒಬ್ಬ ದಾನಿ, ಗೂಡಿನ ಮೇಲೆ ಅವರ ಹಿರಿಯರ ಹೆಸರಿನ ಕಲ್ಲು ಎಂದು ಅವರು ಅಚ್ಚು ಹಾಕಿಸಿದ ಪತ್ರ ಹಿಡಿದು ಮಾರ್ಕೆಟ್ ಯಾರ್ಡಿನ ವ್ಯಾಪಾರಿಗಳ ಹತ್ತಿರ ಹೋದರು. ಬೆಲ್ಲದ ಅಡತಿಯ ಜಟ್ಟೆಪ್ಪ ಪತ್ರ ಎರಡು ಸಲ ಓದಿ, ನಮ್ಮಪ್ಪನ ಹೆಸರು ಬರೆದು ಒಳಗೆ ನಾಯಿ ಕಟ್ಟುತ್ತೀರಾ ಎಂದು ಕೇಳಿದ. ಹೋದಲ್ಲೆಲ್ಲ ಅದೇ ಮಾತು. ರೊಕ್ಕ ಕೊಡಲು ಎಲ್ಲರೂ ತಯಾರು, ಆದರೆ ಹೆಸರು ಗೇಟಿನ ಮೇಲೆ ಬೇಕು, ಇಲ್ಲವೇ ನೀರಿನ ಟಾಕಿಯ ಮೇಲೆ. ಕೊನೆಗೆ ಒಂದೇ ಟಾಕಿಗೆ ಏಳು ಮಂದಿಯ ಹಿರಿಯರು ಹತ್ತಿ ಕೂತರು. ಗೂಡುಗಳಿಗೆ ಹೆಸರೇ ಇಲ್ಲದಾಯಿತು.

ಅಷ್ಟರಿಂದ ಆಗುವ ಕೆಲಸವಾಗಿರಲಿಲ್ಲ. ನೀತಾ ಚಾಕಣದ ಒಂದು ಕಾರಿನ ಬಿಡಿಭಾಗಗಳ ಕಂಪನಿಗೆ ನಾಲ್ಕು ಸಲ ಅಲೆದು, ಸಮಾಜ ಸೇವೆಗೆಂದು ಅವರು ತೆಗೆದಿಡುವ ಹಣದಲ್ಲಿ ಮುಕ್ಕಾಲು ಖರ್ಚು ಒಪ್ಪಿಸಿಕೊಂಡು ಬಂದಳು. ಅರ್ಧ ಈಗ, ಇನ್ನರ್ಧ ಶೆಡ್ಡು ಆರು ತಿಂಗಳು ಸರಿಯಾಗಿ ನಡೆದ ಮೇಲೆ. ಅವತ್ತು ಶಿವಪುತ್ರಪ್ಪನವರು ಕಿತ್ತಳೆ ಬಣ್ಣದ ಡಬ್ಬಿಯಲ್ಲಿ ಪೇಡೆ ತಂದು, ಮೊದಲ ಪೇಡೆ ಮಗಳ ಬಾಯಿಗಿಟ್ಟರು. ತನ್ನ ಪೇಡೆಯನ್ನು ಸುಮಂಗಲಾ ಸಂಜೆಯ ತನಕ ತಟ್ಟೆಯಲ್ಲೇ ಬಿಟ್ಟಿದ್ದಳು. ಇರುವೆ ಹತ್ತಿದ ಮೇಲೆ ಚೆಲ್ಲಿದಳು.

ಸಂಕ್ರಾಂತಿಯ ಹೊತ್ತಿಗೆ ಕೆಲಸ ಭರದಿಂದ ಸಾಗಿತ್ತು. ವಾರಕ್ಕೊಮ್ಮೆ ಅಂಗಡಿಯ ಟೆಂಪೋದಲ್ಲಿ ಕೆಲಸಗಾರರಿಗೆ ಬುತ್ತಿ ಕಳಿಸುವುದಿತ್ತು, ಬುತ್ತಿಯ ಜೊತೆ ಸುಮಂಗಲಾ ಹೋಗುತ್ತಿದ್ದಳು. ಅಲ್ಲಿ ಗಾರೆ ಗಿಲಾಯಿ ಕೆಲಸಕ್ಕಿದ್ದವರು ಯಾದಗಿರಿ ಕಡೆಯ ಧರ್ಮಣ್ಣ, ಅವನ ಹೆಂಡತಿ ಮಾನಮ್ಮ. ಗಂಡ ಗೋಡೆ ಕಟ್ಟುತ್ತಿದ್ದ, ಹೆಂಡತಿ ಬುಟ್ಟಿಯಲ್ಲಿ ಸಿಮೆಂಟಿನ ಮಾಲು ಹೊರುತ್ತಿದ್ದಳು. ಶೆಡ್ಡು ಶುರುವಾದ ಮೇಲೆ ಅಡುಗೆಗೆ ನೀನೇ ಇರು ಎಂದು ನೀತಾ ಮಾನಮ್ಮನಿಗೆ ಹೇಳಿದ್ದಳು. ತಲೆಯ ಮೇಲಿನ ಬುಟ್ಟಿ ಇಳಿಯುತ್ತದಲ್ಲ ಎಂದು ಮಾನಮ್ಮ ಕಟ್ಟಡದ ಕೂಲಿಗಳಿಗೆಲ್ಲ ಆ ಸುದ್ದಿ ಹಂಚಿದ್ದಳು.

ಗ್ರಾನೈಟು ಕೂರಿಸಿದ ದಿನ ಮಾನಮ್ಮ ಬುತ್ತಿಯ ಡಬ್ಬಿ ಇಸಿದುಕೊಳ್ಳುತ್ತ ಸುಮಂಗಲಾಳನ್ನು ಪಕ್ಕಕ್ಕೆ ಕರೆದಳು.

"ಅಕ್ಕಾರ, ಆ ಒಲಿ ಕಟ್ಟಿ ಭಾಳ ಎತ್ತರ ಆಗೇದ್ರಿ. ನಾ ಗಿಡ್ಡಾಕಿ. ಅಷ್ಟು ದೊಡ್ಡ ಡಬರಿ ನನಗ ಹ್ಯಾಂಗ ಇಳಸಾಕ ಬರ್ತದ?"

"ನನಗ ಯಾಕ ಹೇಳ್ತಿ? ಅದರಾಗ ನಂದೇನದ? ಕಟ್ಟಿಸಿದ ಮೇಡಮ್‌ಗೆ ಹೇಳು."

ಮಾನಮ್ಮ ಹೌದ್ರಿ ಎಂದು ತಲೆಯಾಡಿಸಿ ಹೋದಳು. ಅವಳು ಹೇಳುವುದಿಲ್ಲ ಎಂದು ಸುಮಂಗಲಾಳಿಗೆ ಆಗಲೇ ಗೊತ್ತಿತ್ತು. ಕಾಗದ ಹಿಡಿದು, ಟೋಪಿ ಹಾಕಿಕೊಂಡು, ಮರಾಠಿಯಲ್ಲಿ ಇಂಜಿನಿಯರನಿಗೇ ಬೈಯುತ್ತಿದ್ದ ನೀತಾಳ ಮುಂದೆ ನಿಂತು, ಮಾಲು ಹೊರುವವಳು ನಿಮ್ಮ ಅಳತೆ ತಪ್ಪಿದೆ ಎಂದು ಹೇಳುವುದುಂಟೇ. ಟೆಂಪೋ ಹತ್ತುವಾಗ ಸುಮಂಗಲಾಳ ಮನಸ್ಸು ಒಮ್ಮೆ ಹಿಂದಕ್ಕೆಳೆಯಿತು. ಅದೇ ಹೊತ್ತಿಗೆ, ನಾಡಿದ್ದು ಪತ್ರಿಕೆಯವರು ಬರುತ್ತಾರೆ, ಹತ್ತು ಮಂದಿಗೆ ಮಂಡಕ್ಕಿ ಒಗ್ಗರಣೆ ಮಾಡಿ ಕಳಿಸಿ ವೈನಿ ಎಂದು ನೀತಾ ಕೂಗಿ ಹೇಳಿದಳು. ಸುಮಂಗಲಾ ಹತ್ತಿ ಕೂತಳು.

ಫೆಬ್ರುವರಿಯಲ್ಲಿ ಕಂಪನಿಯವರು ಬಂದು ನೋಡಿದರು, ಹೊಗಳಿದರು, ರಿಬ್ಬನ್ ಕತ್ತರಿಸಿದರು. ಕಪ್ಪು ಗ್ರಾನೈಟಿನ ಅಡುಗೆಮನೆಯ ಫೋಟೋವನ್ನೇ ಹೆಚ್ಚು ತೆಗೆದುಕೊಂಡರು. ಮರಾಠಿ ಪತ್ರಿಕೆಯಲ್ಲಿ ನೀತಾ ಒಂದು ಕುಂಟು ನಾಯಿಯನ್ನು ಎತ್ತಿಕೊಂಡ ಚಿತ್ರ ಬಂತು. ಶಿವಪುತ್ರಪ್ಪನವರು ಅದನ್ನು ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಗಿಲಾಯಿ ಸಿಮೆಂಟು ಕೇಳಲು ಬಂದ ಗಿರಾಕಿಗೂ ತೋರಿಸಿ ಕಳಿಸಿದರು. ಅಂಗಿ ತೊಳೆಯಲು ಹಾಕುವಾಗ ಆ ತುಂಡು ಸುಮಂಗಲಾಳ ಕೈಗೆ ಸಿಕ್ಕಿತು. ನೀರಿಗೆ ಬಿಟ್ಟುಬಿಡಲೇ ಅನ್ನಿಸಿತು. ತೆಗೆದು ಮೇಜಿನ ಮೇಲಿಟ್ಟಳು, ಹೊಟ್ಟೆಯೊಳಗಿನ ಉರಿ ಅದರಿಂದೇನೂ ಕಡಿಮೆಯಾಗಲಿಲ್ಲ. ಬೇರೆಯವರ ಮಗಳ ಬಗ್ಗೆ ಬರುವ ಹೊಟ್ಟೆಕಿಚ್ಚು ನಾಲ್ಕು ದಿನದ್ದು. ಒಂದೇ ಸೂರಿನ ಕೆಳಗಿನದಕ್ಕೆ ದಿನಾ ಮೂರು ಹೊತ್ತು ಕೂಳು ಸಿಗುತ್ತದೆ.

ರುದ್ರವ್ವನಿಗೆ ಇದು ಕಾಣುತ್ತಿತ್ತು. ಒಂದು ದಿನ ಮೆಂತೆ ಸೋಸುತ್ತ ಕೇಳಿದಳು, "ಅಕಿ ಮ್ಯಾಲ ಯಾಕ ಅಷ್ಟು ಸಿಟ್ಟು ನಿನಗ?"

"ಸಿಟ್ಟಿಲ್ಲ ಅತ್ತಿ. ಆಕಿ ಕೇಳಿದ್ದು ಆಕಿಗೆ ಸಿಗ್ತದ, ಅಷ್ಟ."

ರುದ್ರವ್ವ ಸೋಸಿದ ಮೆಂತೆಯನ್ನು ಸೊಸೆಯ ಕಡೆ ಸರಿಸಿದಳು.

ಶೆಡ್ಡು ಶುರುವಾದ ಮೂರನೆಯ ವಾರ, ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರು. ನೀತಾ ಕಂಪನಿಗೆ ವರದಿ ಕೊಡಲು ಚಾಕಣಕ್ಕೆ ಹೋಗಿದ್ದಳು. ದಿನಾ ಡಬರಿಗೆ ಕೈ ಹಚ್ಚುತ್ತಿದ್ದ ಧರ್ಮಣ್ಣ ಅವತ್ತು ಬೇರೆ ಕಡೆ ಕೆಲಸಕ್ಕೆ ಹೋಗಿದ್ದ. ನಾಯಿಗಳು ಹಸಿದು ಬೊಗಳುತ್ತಿದ್ದವು. ಮಾನಮ್ಮ ಒಂದು ಬಕೆಟ್ ಬೋರಲು ಹಾಕಿ ಮೇಲೆ ಹತ್ತಿ, ಡಬರಿಯ ಎರಡೂ ಕಿವಿಗೆ ಬಟ್ಟೆ ಸುತ್ತಿ ಅದನ್ನು ಇಳಿಸಲು ಹೋದಳು. ಬಕೆಟ್ ಜಾರಿತು. ಕುದಿಯುವ ಗಂಜಿ ಎಡಗೈಯಿಂದ ಸೊಂಟದ ತನಕ ಸುರಿಯಿತು.

ಫೋನು ಬಂದದ್ದು ಅಂಗಡಿಗೆ. ಚನ್ನವೀರ ಟೆಂಪೋ ತೆಗೆದುಕೊಂಡು ಓಡಿದ. ಯಾರಿಗೆ, ಎಲ್ಲಿ ಎಂದು ರುದ್ರವ್ವ ಕೇಳುತ್ತಿದ್ದಂತೆ ಸುಮಂಗಲಾ ಕೂತಲ್ಲೇ, ನನಗೇನು ಗೊತ್ತು ನನಗೇನು ಗೊತ್ತು ಎಂದು ಎರಡು ಸಲ ಹೇಳಿದಳು. ಆಕೆಗೆ ಗೊತ್ತೇ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಮಾನಮ್ಮ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಕೈ ಉಳಿಯಿತು, ಬೆರಳು ಮಡಚಲು ಇನ್ನೂ ತಿಂಗಳು ಬೇಕು ಎಂದರು. ಮನೆಗೆ ಕಳಿಸಿದ ದಿನ ಸುಮಂಗಲಾ ಜೋಳದ ಗಂಜಿ, ಮಜ್ಜಿಗೆ ಕಟ್ಟಿಕೊಂಡು ಅವಳ ಮನೆಗೆ ಹೋದಳು. ತಗಡಿನ ಒಂದು ಖೋಲಿ, ಬಿಸಿಲಿಗೆ ಕಾದಿತ್ತು. ಧರ್ಮಣ್ಣ ಒಲೆಯ ಮುಂದೆ ಕೂತು ಅಡ್ಡಾದಿಡ್ಡಿ ರೊಟ್ಟಿ ಬಡಿಯುತ್ತಿದ್ದ. ಆಕೆಯನ್ನು ಕಂಡವನೇ ಎದ್ದು ನಿಂತು, ಇಂಥ ಕಟ್ಟೆ ಯಾರು ಕಟ್ಟಿಸಿದರು ಅಂತ ಕೇಳುವವನಿದ್ದೇನೆ ಎಂದು ದನಿ ಏರಿಸಿದ. ಮಾನಮ್ಮ ಮಲಗಿದಲ್ಲಿಂದಲೇ ಅವನನ್ನು ತಡೆದಳು.

"ಸುಮ್ಮನಿರು. ಅಕ್ಕಾರು ಅವತ್ತ ನನಗ ಹೇಳಿದ್ರು, ಮೇಡಮ್‌ಗೆ ಹೇಳು ಅಂತ. ನಾನ ಹೇಳಲಿಲ್ಲ. ಕಲತವರಿಗೆ ನಾವೇನು ಹೇಳೂದು ಅಂತ ಬಾಯಿ ಮುಚಗೊಂಡೆ. ತಪ್ಪು ನಂದ ಅದ."

ಸುಮಂಗಲಾ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು. ಗಂಜಿಯನ್ನು ಚಮಚೆಯಿಂದ ಉಣಿಸಬೇಕೆಂದು ಬಂದವಳು ಡಬ್ಬಿಯನ್ನು ಧರ್ಮಣ್ಣನ ಕೈಗೆ ಕೊಟ್ಟು ಹೊರಗೆ ಬಂದುಬಿಟ್ಟಳು. ತನ್ನ ಮೇಲೆ ಕೂಗಾಡಿದ್ದರೆ ನಿಂತು ಕೇಳುತ್ತಿದ್ದಳು. ಮಾನಮ್ಮನ ಈ ಕೃತಜ್ಞತೆಯನ್ನು ಆಕೆಯಿಂದ ತಡೆದುಕೊಳ್ಳಲಾಗಲಿಲ್ಲ.

ಕಂಪನಿಯವರು ವಿಚಾರಣೆ ಮುಗಿಯುವ ತನಕ ಇನ್ನರ್ಧ ಹಣ ಇಲ್ಲ ಎಂದಿದ್ದರು. ನೀತಾ ಆಫೀಸಿಗೆ ರಜೆ ಹಾಕಿ, ಬೇಯಿಸಿದ ಅನ್ನವನ್ನು ಹೊರಗಿನಿಂದ ತರಿಸಿ ನಾಯಿಗಳಿಗೆ ಹಾಕುತ್ತಿದ್ದಳು. ಬಂದು ಉಣ್ಣದೆ ಮಲಗುತ್ತಿದ್ದಳು. ಸುಮಂಗಲಾ ಅವಳ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಡುತ್ತಿದ್ದಳು, ಬೆಳಿಗ್ಗೆ ಹಾಗೇ ಇರುತ್ತಿತ್ತು.

ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಶಿವಪುತ್ರಪ್ಪನವರು ಎಂದಿನಂತೆ ತುತ್ತಿನ ನಡುವೆ ಬಾಯಿ ತೆರೆದರು.

"ಇನ್ನ ಸಾಕು. ಮಾನಮ್ಮಗ ದವಾಖಾನಿ ಖರ್ಚು ಕೊಟ್ಟು ಊರಿಗೆ ಕಳಸ್ರಿ, ಆಕಿ ಕೈಯಾಗ ಎಚ್ಚರಿಲ್ಲ. ನಾಯಿಗೋಳನ್ನ ಬ್ಯಾರೆ ಸಂಸ್ಥಾದವರು ಒಯ್ಲಿ. ಕಂಪನಿಯವರ ಕೂಡ ನಾ ಮಾತಾಡ್ತೀನಿ. ಶೆಡ್ಡು ಸುಮಂಗಲಾ ತಗೊಳ್ಳಲಿ, ರೊಟ್ಟಿ ಮಾಡ್ಲಿ. ಆಕಿ ಮೊದಲ ಕೇಳಿದ್ಲು."

ನೀತಾ ತಲೆ ಎತ್ತಲಿಲ್ಲ. ಚನ್ನವೀರ ಹೆಂಡತಿಯ ಕಡೆ ನೋಡಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ.

ಸುಮಂಗಲಾಳಿಗೆ ಮೊದಲು ಆದದ್ದು ಸಂತೋಷವೇ. ಆ ಶೆಡ್ಡಿನ ಬೆಳಕಿನಲ್ಲಿ ಸಾಲಾಗಿ ಕೂತು ರೊಟ್ಟಿ ಬಡಿಯುವ ಹೆಂಗಸರು, ಹಂಚುಗಳು, ಹೊರಗೆ ಡಬ್ಬಿ ಹಿಡಿದು ನಿಂತ ಗಿರಾಕಿಗಳು ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂದರು. ಒಂಬತ್ತು ವರ್ಷ ಕಾದದ್ದು ತಾಟಿಗೇ ಬಂದು ಬಿದ್ದಿತ್ತು. ಹೂಂ ಎಂದರೆ ಮುಗಿಯಿತು. ಏನೂ ಅನ್ನದೆ ಸುಮ್ಮನಿದ್ದರೂ ಮುಗಿಯಿತು, ಸುಮ್ಮನಿರುವುದು ಆಕೆಗೆ ರೂಢಿಯೇ ಆಗಿತ್ತು. ಆದರೆ ಮಾನಮ್ಮನಿಗೆ ಎಚ್ಚರಿಲ್ಲ ಎಂಬ ಮಾತನ್ನು ಹಾಗೇ ಬಿಡಲು ಆಕೆಯಿಂದ ಆಗಲಿಲ್ಲ. ಕೈಯಲ್ಲಿದ್ದ ಪಲ್ಯದ ಬೋಗುಣಿ ಕೆಳಗಿಟ್ಟಳು.

"ಮಾವಾರ, ಮಾನಮ್ಮಗ ಎಚ್ಚರ ಇತ್ತು. ಕಟ್ಟಿ ಎತ್ತರ ಆಗೇದ ಅಂತ ಆಕಿ ನನ್ನ ಮುಂದ ಬಂದು ಹೇಳಿದ್ಲು. ಆಕಿ ಹೇಳೂಕಿಂತ ಮೊದಲ, ಕಾಗದದ ಮ್ಯಾಲ ನೋಡಿದಾಗ ನನಗ ಗೊತ್ತಿತ್ತು. ನಾ ಬೇಕಂತ ಸುಮ್ಮನಿದ್ದೆ."

"ಯಾಕ?" ಎಂದರು ಶಿವಪುತ್ರಪ್ಪನವರು.

"ನೀತಾನ ಕೆಲಸ ಕೆಡಲಿ ಅಂತ. ಯಾರರೆ ಸುಡಲಿ ಅಂತ ಅಲ್ಲ. ಆದರ ಕೆಡಲಿ ಅಂತಿದ್ದೆ, ಅದು ಖರೆ."

ಚನ್ನವೀರ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಹಾಕಿ, ನಿನಗೆ ತಲೆ ಸರಿ ಇದೆಯೇ ಎಂದು ಹೆಂಡತಿಯನ್ನು ಗದರಿಸಿದ. ಮುದುಕರು ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಆಗ ನೀತಾ ಮಾತಾಡಿದಳು. ದನಿ ಎಷ್ಟು ಸಣ್ಣದಿತ್ತೆಂದರೆ ರುದ್ರವ್ವ ಮುಂದೆ ಬಗ್ಗಿ ಕೇಳಬೇಕಾಯಿತು.

"ವೈನಿ ಬೆರಳು ಅಲ್ಲೇ ನಿಂತಿದ್ದು ನಾ ನೋಡೀನಿ ಅಪ್ಪಾ. ಏನೋ ತಪ್ಪದ ಅಂತ ನನಗ ಗೊತ್ತಾತು. ನಾ ಕೇಳಲಿಲ್ಲ. ಈ ಮನ್ಯಾಗ ಅವ್ವನ ಗುಳಿಗಿ ಎಲ್ಲಿ ಅದಾವ ಅಂದ್ರೂ ವೈನಿ, ನಿಮ್ಮ ಚಾಳೀಸು ಎಲ್ಲಿ ಅಂದ್ರೂ ವೈನಿ. ಅವ್ವಗ ನನ್ನ ಕೈ ಚಹಾ ಸೈತ ಸೇರೂದಿಲ್ಲ. ಇದೊಂದರೆ ಬರೇ ನಂದ ಇರಲಿ ಅಂತ ಕಾಗದ ಸುತ್ತಿಬಿಟ್ಟೆ."

ಸುಮಂಗಲಾ ಅವಳ ಮುಖವನ್ನೇ ನೋಡಿದಳು. ಇಷ್ಟು ವರ್ಷ ತಾನು ಯಾರ ಮೇಲೆ ಉರಿಯುತ್ತಿದ್ದಳೋ ಅವಳೂ ತನ್ನ ಮೇಲೆ ಉರಿಯುತ್ತಿದ್ದಾಳೆ ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ. ಉರಿಯಲು ತನ್ನ ಹತ್ತಿರ ಏನಿತ್ತು? ಗುಳಿಗೆ ಡಬ್ಬಿ, ಚಾಳೀಸು, ಚಹಾ. ನಗು ಬರಬೇಕಿತ್ತು, ಕಣ್ಣು ತುಂಬಿ ಬಂತು.

ತಾಟುಗಳಲ್ಲಿ ಪಲ್ಯ ಆರುತ್ತಿತ್ತು. ಕೊನೆಗೆ ರುದ್ರವ್ವ, ಯಾರನ್ನೂ ನೋಡದೆ ಹೇಳಿದಳು. "ಐವತ್ತು ವರ್ಷ ಒಲಿ ಮುಂದ ಕೂತೀನಿ. ಆ ಕಾಗದ ನನಗ ಒಬ್ಬರೂ ತೋರಸಲಿಲ್ಲ."

ಶಿವಪುತ್ರಪ್ಪನವರು ತಾಟಿನಲ್ಲೇ ಕೈ ತೊಳೆದರು. ಎದ್ದು ನಿಂತು, ಮಾನಮ್ಮ ಊರಿಗೆ ಹೋಗುವುದು ಬೇಡ, ಕೈ ನೆಟ್ಟಗಾಗುವ ತನಕ ಪಗಾರ ನಿಲ್ಲಬಾರದು, ಆ ಕಟ್ಟೆ ಈ ವಾರವೇ ಒಡೆಯಬೇಕು ಎಂದು ಚನ್ನವೀರನಿಗೆ ಹೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಹಂಗಾದ್ರ ಶೆಡ್ಡು ನಾಯಿಗೋಳ ಕಡೆನ ಇರಲಿ. ಏನಂತಿ?"

"ಇರಲ್ರಿ," ಎಂದಳು ಸುಮಂಗಲಾ. ಒಂಬತ್ತು ವರ್ಷದ ಆಸೆ ಹತ್ತು ನಿಮಿಷ ಕೈಯಲ್ಲಿದ್ದು ಹೋಯಿತು. ಬೋಗುಣಿ ಎತ್ತಿಕೊಂಡು ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು. ಪಶ್ಚಾತ್ತಾಪಕ್ಕಷ್ಟೇ ಅತ್ತಳು ಎಂದು ಹೇಳಿದರೆ ಸುಳ್ಳಾದೀತು. ಶೆಡ್ಡು ಹೋದದ್ದಕ್ಕೂ ಅತ್ತಳು.

ಬುಧವಾರ ಗ್ರಾನೈಟು ಒಡೆದರು. ಶನಿವಾರ ಹೊಸ ಒಲೆಗೆ ಜಾಗ ಗುರುತು ಮಾಡಲು ನೀತಾ ಎಲ್ಲರನ್ನೂ ಟೆಂಪೋದಲ್ಲಿ ಹೇರಿಕೊಂಡು ಹೋದಳು, ರುದ್ರವ್ವನನ್ನೂ. ರುದ್ರವ್ವ ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಳು. ಸುಮಂಗಲಾ ಆ ಅಡುಗೆಮನೆಯ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಗೋಡೆಗೆ ಹಿಡಿದ ಕೋಳಿಯ ವಾಸನೆಗೆ ಸೆರಗು ಮೂಗಿಗೆ ಬಂತು, ಸ್ವಲ್ಪ ಹೊತ್ತಿನ ಮೇಲೆ ಕೆಳಗಿಳಿಯಿತು. ಧರ್ಮಣ್ಣ ಕರಣೆ ಹಿಡಿದು ಕಾಯುತ್ತಿದ್ದ. ಮಾನಮ್ಮ ಬ್ಯಾಂಡೇಜಿನ ಕೈಯನ್ನು ಎದೆಗೆ ಆನಿಸಿಕೊಂಡು ಗೋಡೆಯ ಪಕ್ಕ ನಿಂತಿದ್ದಳು. ಹೊರಗೆ ನಾಯಿಗಳು ಹೊಸಬರು ಬಂದರೆಂದು ಬೊಗಳುತ್ತಿದ್ದವು.

ಹಿಂದಿನ ರಾತ್ರಿಯೆಲ್ಲ ಸುಮಂಗಲಾ ಅಪ್ಪನ ಖಾನಾವಳಿಯ ಒಲೆಗಳನ್ನು ಮನಸ್ಸಿನಲ್ಲೇ ಅಳೆದಿದ್ದಳು. ಗೇಣೆಷ್ಟು, ಬೆರಳೆಷ್ಟು, ಮೋರಿ ಯಾವ ಕಡೆ, ಎಲ್ಲ ತಯಾರಿತ್ತು. ನೀತಾ ಜೇಬಿನಿಂದ ಸುಣ್ಣದ ಕಡ್ಡಿ ತೆಗೆದಳು. ಸುಮಂಗಲಾ ಒಂದು ಹೆಜ್ಜೆ ಮುಂದಿಟ್ಟಳು. ನೀತಾ ಆಕೆಯನ್ನು ದಾಟಿ ಹೋಗಿ, ಕಡ್ಡಿಯನ್ನು ಮಾನಮ್ಮನ ಬಲಗೈಗೆ ಕೊಟ್ಟಳು.

"ಎಷ್ಟು ಎತ್ತರ ಬೇಕು, ಎಲ್ಲಿ ಬೇಕು, ನೀನ ಹೇಳು ಮಾನಮ್ಮ. ಬೇಯಸಾಕಿ ನೀನು."

ಸರಿಯಾದದ್ದನ್ನೇ ಮಾಡಿದ್ದಳು ನೀತಾ. ಸುಮಂಗಲಾಳಿಗೂ ಅದು ಸರಿ ಎಂದು ಗೊತ್ತಿತ್ತು. ಆದರೂ, ಸುಟ್ಟ ಕೈಯ ಆ ಕೂಲಿ ಹೆಂಗಸಿನ ಮೇಲೆ, ಅರ್ಧ ತನ್ನಿಂದಲೇ ಸುಟ್ಟುಕೊಂಡವಳ ಮೇಲೆ, ಆಕೆಗೆ ಹೊಟ್ಟೆಕಿಚ್ಚು ಬಂತು. ನಾಚಿಕೆಯಾಯಿತು, ನಾಚಿಕೆಯಾದರೂ ಅದು ಹೋಗಲಿಲ್ಲ. ಮಾನಮ್ಮ ಕೂತು, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಕಿಟಕಿಯ ಕೆಳಗೆ ನೆಲದ ಮೇಲೆ ಒಂದು ಚೌಕ ಬರೆದಳು. ಗೋಡೆಯ ಮೇಲೆ ತನ್ನ ಮೊಣಕಾಲಿಗೂ ಕೆಳಗೆ ಒಂದು ಗೆರೆ ಎಳೆದಳು. ಎತ್ತರ ಬರೋಬರಿ ಇತ್ತು. ಜಾಗ ಮಾತ್ರ ತಪ್ಪಿತ್ತು. ಅಲ್ಲಿ ಡಬರಿ ವಾಲಿಸಿದರೆ ಬಿಸಿ ಗಂಜಿ ಮೋರಿಗೆ ಹೋಗದೆ ನಿಂತವಳ ಪಾದಕ್ಕೆ ಬರುತ್ತಿತ್ತು.

ಯಾರೂ ಅದನ್ನು ಗಮನಿಸಲಿಲ್ಲ. ಧರ್ಮಣ್ಣ ಇಟ್ಟಂಗಿ ಎತ್ತಿಕೊಂಡ. ನೀತಾ ಸಂತೋಷದಿಂದ ಆ ಚೌಕದ ಫೋಟೋ ತೆಗೆಯುತ್ತಿದ್ದಳು. ಸುಮಂಗಲಾ ತುಟಿ ಬಿಗಿಹಿಡಿದು ನಿಂತಳು. ಬಾಗಿಲ ಹತ್ತಿರದ ಕುರ್ಚಿಯಿಂದ ರುದ್ರವ್ವ ಸೊಸೆಯನ್ನೇ ನೋಡುತ್ತಿದ್ದಳು.

"ಇನ್ನೊಂದು ಗೇಣು ಈ ಕಡೆ ಬರಲಿ ಮಾನಮ್ಮ," ಎಂದಳು ಸುಮಂಗಲಾ. "ಅಲ್ಲಿ ಬಸದ್ರ ಗಂಜಿ ನಿನ್ನ ಕಾಲಿಗೆ ಬರ್ತದ."

ಮಾನಮ್ಮ ನೆಲ ನೋಡಿದಳು, ಮೋರಿ ನೋಡಿದಳು, ತನ್ನ ಕಾಲು ನೋಡಿಕೊಂಡಳು. "ಹೌದಲ್ರಿ ಅಕ್ಕಾರ," ಎಂದು, ನೆಲದ ಚೌಕವನ್ನು ಅಂಗಾಲಿನಿಂದ ಉಜ್ಜಿ ಅಳಿಸಿ, ಒಂದು ಗೇಣು ಸರಿದು ಕೂತು ಮತ್ತೆ ಬರೆಯತೊಡಗಿದಳು.